ಕಾಟಾದ ಕಂಪ್ಯೂಟರಿನ ಹಳೆಯ ಹೆಸರುಗಳು

ಚಿಕ್ಕೋಡಿಯ ಕೋರ್ಟಿನ ಎದುರು ನನ್ನ ಟೈಪಿಂಗ್ ಅಂಗಡಿ. ಅದಕ್ಕೆ ಹತ್ತಿಕೊಂಡೇ ಸರಿತಾ ಕಾಂಬಳೆಯ ಕಂಪ್ಯೂಟರ್ ರಿಪೇರಿ ಅಂಗಡಿ. ನಡುವೆ ಇರುವುದು ಒಂದು ತಗಡಿನ ಗೋಡೆ ಮಾತ್ರ. ಆಕೆ ಅಲ್ಲಿ ಒಂದು ಸ್ಕ್ರೂ ಬೀಳಿಸಿದರೆ ನನಗೆ ಇಲ್ಲಿ ಸಪ್ಪಳ ಕೇಳುತ್ತದೆ. ಸಿಟ್ಟಿಗೆದ್ದಾಗ ಆಕೆ ಕಂಪ್ಯೂಟರಿಗೆ ಬೈಯುವುದೂ ಕೇಳುತ್ತದೆ: "ಏನಾಗೇತಿ ನಿನಗ? ಬಾಯಿ ಬಿಟ್ಟ ಹೇಳಬಾರದಾ?" ಗಿರಾಕಿಗಳಿಗೆ ಮಾತ್ರ ಆಕೆ ಎಂದೂ ಹಾಗೆ ಬೈದವಳಲ್ಲ.

ಸರಿತಾ ಕರೋಶಿಯವಳು. ತಂದೆ ಸತ್ತೆಪ್ಪ ಅಲ್ಲಿಯ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದರು. ತಾಯಿ ಜನಾಬಾಯಿ ಹೊಲದ ಕೂಲಿಗೆ ಹೋಗುತ್ತಿದ್ದರು. ಶಾಲೆ ಇಲ್ಲದ ದಿನ ಹುಡುಗಿ ತಂದೆಯ ಸೈಕಲ್ಲಿನ ಹಿಂದೆ ಕುಳಿತು ಊರೆಲ್ಲ ತಿರುಗುತ್ತಿದ್ದಳು. ಒಂದು ಓಣಿಗೆ ನೀರು ಬರಲಿಲ್ಲವೆಂದರೆ ಜನ ಪೈಪು ಒಡೆಯಲು ಗುದ್ದಲಿ ತರುತ್ತಿದ್ದರಂತೆ. ಸತ್ತೆಪ್ಪ ಅವರನ್ನು ತಡೆದು, ನೀರಿನ ಟಾಕಿಯಿಂದ ಆ ಓಣಿಯವರೆಗೆ ಪೈಪಿನ ಗುಂಟ ನಡೆದು, ಒಂದೊಂದು ವಾಲ್ವಿಗೂ ಕಿವಿ ಹಚ್ಚಿ ನೋಡುತ್ತಿದ್ದರು. ಹತ್ತರಲ್ಲಿ ಒಂಬತ್ತು ಸಲ ಅಗೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಸರಿತಾ ಇಂದಿಗೂ ಯಾವ ಯಂತ್ರವನ್ನೂ ಬಂದ ಕೂಡಲೇ ಬಿಚ್ಚುವುದಿಲ್ಲ. ಮೊದಲು ಸುಮ್ಮನೆ ಅದರ ಮುಂದೆ ಕುಳಿತು, ಎಲ್ಲಿಂದ ಎಲ್ಲಿಗೆ ಏನು ಹೋಗುತ್ತದೆ ಎಂದು ನೋಡುತ್ತಾಳೆ.

ಐಟಿಐ ಮುಗಿಸಿ ಆಕೆ ನಿಪ್ಪಾಣಿಯ ಒಂದು ದೊಡ್ಡ ಕಂಪ್ಯೂಟರ್ ಅಂಗಡಿಗೆ ಕೆಲಸಕ್ಕೆ ಸೇರಿದಳು. ಅಲ್ಲಿ ಆಕೆಯನ್ನು ಕೂಡಿಸಿದ್ದು ಫೋನ್ ಎತ್ತುವ ಜಾಗದಲ್ಲಿ. ಒಳಗೆ ರಿಪೇರಿ ಮಾಡುವವರೆಲ್ಲ ಗಂಡಸರು. ಅವರು ಊಟಕ್ಕೆ ಹೋದಾಗ ಈಕೆ ಒಳಗೆ ಹೋಗಿ, ಅವರು ಆಗುವುದಿಲ್ಲವೆಂದು ಪಕ್ಕಕ್ಕಿಟ್ಟ ಬೋರ್ಡುಗಳನ್ನು ನೋಡುತ್ತಿದ್ದಳು. ನಾಲ್ಕು ವರ್ಷದಲ್ಲಿ ಹೀಗೆ ಊಟದ ಹೊತ್ತಿನಲ್ಲೇ ಪೂರ್ತಿ ಕಸುಬು ಕಲಿತಳು. ಮದುವೆಯಾದದ್ದು ಚಿಕ್ಕೋಡಿಯ ಬಸ್ ಕಂಡಕ್ಟರ್ ಲಖನನನ್ನು. ನನ್ನ ಪಕ್ಕದ ಮಳಿಗೆ ಖಾಲಿ ಇದೆ ಎಂದು ಪತ್ತೆ ಹಚ್ಚಿದವನೂ ಅವನೇ. ಮೊದಲ ಒಂದು ವರ್ಷ ಗಿರಾಕಿ ತಂದವನೂ ಅವನೇ ಎನ್ನಬೇಕು. ಅಥಣಿಯಿಂದ ಬರುವ ಬಸ್ಸಿನಲ್ಲಿ ಯಾರಾದರೂ ತೊಡೆಯ ಮೇಲೆ ಕಂಪ್ಯೂಟರ್ ಡಬ್ಬಿ ಇಟ್ಟುಕೊಂಡು ಕುಳಿತಿದ್ದರೆ, ಟಿಕೇಟ್ ಹರಿಯುತ್ತಲೇ ಕೇಳುತ್ತಿದ್ದ: "ಕೆಟ್ಟೈತೇನ್ರಿ? ನಮ್ಮ ಮನ್ಯಾಗ ಡಾಕ್ಟರ್ ಅದಾರ. ಕೋರ್ಟ್ ಸ್ಟಾಪಿಗೆ ಇಳಿಸ್ತೇನಿ ನಡ್ರಿ."

ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡರೆ ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಹಾಗಲ್ಲ ಎಂದು ತೋರಿಸಿಕೊಟ್ಟವಳು ಸರಿತಾ. ನಾನು ಹಳೆಯ ಕಂಪ್ಯೂಟರ್ ಮಾರಲು ಹೊರಟಾಗ ಆಕೆ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಅದರೊಳಗೆ ಮುಚ್ಚಿಟ್ಟ ಒಂದು ಪಟ್ಟಿ ತೆರೆದಳು. ನನ್ನ ಕಂಪ್ಯೂಟರಿಗೆ ಹನ್ನೊಂದು ವರ್ಷದಲ್ಲಿ ಯಾರು ಯಾರು ಏನೇನು ಹಚ್ಚಿದ್ದರೋ ಎಲ್ಲವೂ ಮಸುಕು ಬಣ್ಣದಲ್ಲಿ ಅಲ್ಲಿ ಸಾಲಾಗಿ ನಿಂತಿತ್ತು. ತೀರಿಹೋದ ಒಬ್ಬ ವಕೀಲರ ಪೆನ್‌ಡ್ರೈವಿನ ಹೆಸರೂ ಇತ್ತು.

"ಇದ ಮರೆಯಂಗಿಲ್ಲರಿ ಕಾಕಾ," ಎಂದಳು. "ನಾವ ಮರಸಬೇಕು. ಇನ್ನೊಬ್ಬರ ಮನಿಗೆ ಹೋಗೂದು, ನಿಮ್ಮ ಗಿರಾಕಿ ಹೆಸರು ಯಾಕ ಬೇಕ ಅವರಿಗೆ?"

ಮಾರಲು ತಂದ ಪ್ರತಿಯೊಂದು ಕಂಪ್ಯೂಟರಿಗೂ, ಯಾರೂ ಕೇಳದಿದ್ದರೂ, ಆಕೆ ಇದನ್ನು ಮಾಡಿಯೇ ಕಳಿಸುತ್ತಾಳೆ. ನಾನೀಗ ಹೇಳಹೊರಟ ಸಂಗತಿ ನಡೆದದ್ದೂ ಇಂಥದೇ ಒಂದು ಪಟ್ಟಿಯಿಂದ. ಅರ್ಧವನ್ನು ಸರಿತಾ ಹೇಳಿದಳು. ಇನ್ನರ್ಧವನ್ನು ಹೇಳಿದವನು ಭರಮು.

ಭರಮುವಿನ ಪರಿಚಯ ಮಾಡಿಕೊಡಬೇಕು. ರಾಯಬಾಗ ರಸ್ತೆಯಲ್ಲಿ ಕಾಕಾಸಾಹೇಬ ಎಂಬ ಕಬ್ಬಿನ ಜಮೀನುದಾರರ ಬೆಲ್ಲದ ಕಾರ್ಖಾನೆ ಇದೆ. ಕಬ್ಬು ಹೇರಿಕೊಂಡು ಬಂದ ಟ್ರ್ಯಾಕ್ಟರುಗಳನ್ನು ತೂಗಲು ಅದರ ಬಾಗಿಲಲ್ಲೇ ಒಂದು ವೇಬ್ರಿಜ್ ಇದೆ. ನಮ್ಮ ಕಡೆ ಅದನ್ನು ಕಾಟಾ ಎನ್ನುತ್ತಾರೆ. ಟ್ರ್ಯಾಕ್ಟರು ಕಾಟಾದ ಮೇಲೆ ಹತ್ತಿ ನಿಂತರೆ, ಪಕ್ಕದ ಸಣ್ಣ ಕೋಣೆಯಲ್ಲಿರುವ ಕಂಪ್ಯೂಟರಿನಲ್ಲಿ ತೂಕ ಮೂಡಿ ಚೀಟಿ ಬರುತ್ತದೆ. ಆ ಕೋಣೆಯಲ್ಲಿ ಹದಿನೆಂಟು ವರ್ಷಗಳಿಂದ ಕುಳಿತವನು ಭರಮು. ಐವತ್ತೆಂಟರ ಆಸುಪಾಸಿನ ಮೆತ್ತಗಿನ ಮನುಷ್ಯ, ಮೂಗಿನ ತುದಿಗೆ ಕನ್ನಡಕ.

ಜನವರಿಯ ಒಂದು ಬೆಳಿಗ್ಗೆ, ಕಬ್ಬಿನ ಹಂಗಾಮು ಜೋರಾಗಿರುವಾಗ, ಕಂಪ್ಯೂಟರು ತೂಕ ತೋರಿಸುವುದನ್ನೇ ನಿಲ್ಲಿಸಿತು. ಎಂಥ ಭಾರದ ಗಾಡಿ ನಿಂತರೂ ಪರದೆಯ ಮೇಲೆ ಸೊನ್ನೆ. ಕಾಟಾ ಕೂಡಿಸಿದ ಪುಣೆಯ ಕಂಪನಿಗೆ ಫೋನ್ ಮಾಡಿದರೆ, ಎಂಜಿನಿಯರ್ ನಾಡಿದ್ದು ಬರುತ್ತಾನೆ ಎಂದರು. ಕೈಯಿಂದ ಬರೆದ ಚೀಟಿಗೆ ರೈತರು ಒಪ್ಪಲಿಲ್ಲ. ಹಿಂದಿನ ವರ್ಷ ಕೈಚೀಟಿಯ ಸಲುವಾಗಿ ಜಗಳವಾಗಿ ಕೊರಳಪಟ್ಟಿ ಹಿಡಿಯುವವರೆಗೆ ಹೋಗಿತ್ತು. ಒಂಬತ್ತು ಗಂಟೆಯೊಳಗೆ ರಸ್ತೆಯುದ್ದಕ್ಕೂ ಮೂವತ್ತೊಂದು ಟ್ರ್ಯಾಕ್ಟರುಗಳು ನಿಂತವು. ಕಡಿದ ಕಬ್ಬು ಬಿಸಿಲಿಗೆ ನಿಂತಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತದೆ. ರೈತರ ಕೂಗಾಟ ಆರಂಭವಾಯಿತು. ಊರಿನ ಯಾರೋ ಮೆಕ್ಯಾನಿಕ್ ಬಂದು ಏನೋ ಒತ್ತಿ ಸರಿಮಾಡಿದ. ಎರಡು ಗಾಡಿ ತೂಗುವಷ್ಟರಲ್ಲಿ ಮತ್ತೆ ಸೊನ್ನೆ. ಆಗ ಭರಮು ಸರಿತಾಗೆ ಫೋನ್ ಮಾಡಿದ.

ಆಕೆ ಸ್ಕೂಟಿಯ ಮೇಲೆ ಹೋಗಿ ಇಳಿದಾಗ ಕಾಕಾಸಾಹೇಬರು ಅಂಗಳದಲ್ಲೇ ನಿಂತಿದ್ದರು. ಬಿಳಿ ಟೋಪಿ, ಬಿಳಿ ಮೀಸೆ, ದೊಡ್ಡ ದನಿ.

"ಏನವಾ, ನಿಮ್ಮ ಮಾಲಕರು ಹಿಂದಿಂದ ಬರಾಕತ್ತಾರೇನು?"

"ಮಾಲಕಳು ಬಂದಾಳ್ರಿ ಸಾಹುಕಾರ್ರ. ಕೋಣಿ ಎಲ್ಲೈತಿ ತೋರಸ್ರಿ," ಎಂದಳು ಸರಿತಾ.

ಕೋಣೆಯಲ್ಲಿ ಆಕೆ ಮೊದಲ ಹತ್ತು ನಿಮಿಷ ಏನನ್ನೂ ಮುಟ್ಟಲಿಲ್ಲ. ಕಾಟಾದಿಂದ ಬಂದ ವೈರು ಗೋಡೆಯ ಮೇಲಿನ ಕೆಂಪು ಅಂಕಿಯ ಡಬ್ಬಿಗೆ ಬರುತ್ತದೆ. ಅಲ್ಲಿ ತೂಕ ಸರಿಯಾಗಿಯೇ ಕಾಣುತ್ತಿತ್ತು. ಆ ಡಬ್ಬಿಯಿಂದ ಒಂದು ಸಣ್ಣ ಯುಎಸ್‌ಬಿ ಕೇಬಲ್ ಕಂಪ್ಯೂಟರಿಗೆ ಹೋಗುತ್ತದೆ. ಅದನ್ನು ತನ್ನ ಲ್ಯಾಪ್‌ಟಾಪಿಗೆ ಹಚ್ಚಿ ನೋಡಿದಳು. ತೂಕ ಬಂತು. ಅಂದರೆ ಕೇಬಲ್ಲೂ ಸರಿ. ಕೆಟ್ಟಿರುವುದು ಕಂಪ್ಯೂಟರಿನೊಳಗಿನ ಲೆಕ್ಕಾಚಾರ. ಇಷ್ಟು ಹೊತ್ತು ಕಾಕಾಸಾಹೇಬರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಹೊರಗೆ ಟ್ರ್ಯಾಕ್ಟರಿನವರು ಹಾರ್ನ್ ಒತ್ತುತ್ತಿದ್ದರು.

ಆಕೆ ಕಂಪ್ಯೂಟರು ಆ ಕೇಬಲ್ಲಿಗೆ ಕೊಟ್ಟ ನಂಬರ್ ನೋಡಿದಳು. ಇಪ್ಪತ್ತಮೂರು. ತೂಕದ ಸಾಫ್ಟ್‌ವೇರ್ ತೆರೆದಳು. ಅದರಲ್ಲಿ ಆರಿಸಲು ಇದ್ದದ್ದು ಒಂದರಿಂದ ಇಪ್ಪತ್ತೆರಡರವರೆಗೆ ಮಾತ್ರ.

"ಸಿಕ್ಕಿತರಿ," ಎಂದಳು.

"ಏನ ಸಿಕ್ಕಿತ? ನಮಗ ತಿಳಿಯೂ ಹಂಗ ಹೇಳ," ಎಂದರು ಕಾಕಾಸಾಹೇಬರು.

"ಬಸ್ಸಿನ್ಯಾಗ ಕಿಡಕ್ಯಾಗಿಂದ ಟಾವೆಲ್ ಒಗದು ಸೀಟ್ ಹಿಡೀತಾರಲ್ರಿ, ಹಂಗ ಇದು. ಈ ಕೇಬಲ್ ಹಚ್ಚಿದ ಕೂಡ್ಲೆ ಕಂಪ್ಯೂಟರ್ ಅದಕ್ಕೊಂದು ಸೀಟ್ ನಂಬರ್ ಕೊಡತೈತಿ. ಕಿತ್ತು ಬ್ಯಾರೆ ತೂತಿಗೆ ಹಚ್ಚಿದ್ರ ಬ್ಯಾರೆ ನಂಬರ್. ಕೇಬಲ್ ಕೆಟ್ಟು ಹೊಸಾದು ತಂದ್ರ ಮತ್ತೂ ಬ್ಯಾರೆ. ಹಳೇವು ಎದ್ದು ಹೋಗ್ಯಾವು, ಆದ್ರ ಟಾವೆಲ್ ಹಂಗ ಬಿದ್ದಾವು. ಇದಕ್ಕ ಹಿಂದಿನ ಸೀಟ ಗತಿ ಆಗೇತಿ. ನಿಮ್ಮ ಸಾಫ್ಟ್‌ವೇರ್ ಮುಂದಿನ ಇಪ್ಪತ್ತೆರಡ ಸೀಟ್ ಅಷ್ಟ ನೋಡತೈತಿ."

"ಆ ಮೆಕ್ಯಾನಿಕ್ ಸರಿಮಾಡಿದ್ನಲ್ಲ?"

"ಕುಂತಾವನ ತೊಡಿ ಮ್ಯಾಲ ಕುಂದ್ರಿಸ್ಯಾನ್ರಿ ಅಂವಾ. ಎಷ್ಟೊತ್ತ ಕುಂತೀತು?"

ಕಾಕಾಸಾಹೇಬರಿಗೆ ನಗು ಬಂತು, ಆದರೆ ತಡೆದುಕೊಂಡರು. ಸರಿತಾ ಮುಚ್ಚಿಟ್ಟ ಪಟ್ಟಿಯನ್ನು ತೆರೆದಳು. ಮಸುಕು ಬಣ್ಣದ ಇಪ್ಪತ್ತೆರಡು ಹಳೆಯ ಕೇಬಲ್ ನಮೂದುಗಳು ಒಂದರ ಕೆಳಗೊಂದು ಬಂದವು. ಆಕೆ ಒಂದೊಂದನ್ನೇ ಆರಿಸಿ ಅಳಿಸುತ್ತ ಹೋದಳು. ಆಮೇಲೆ ಕೇಬಲ್ಲನ್ನು ಕಿತ್ತು ಹಿಂಬದಿಯ ತೂತಿಗೆ ಹೊಸದಾಗಿ ಹಚ್ಚಿದಾಗ ಅದಕ್ಕೆ ಒಂದನೆಯ ನಂಬರ್ ಸಿಕ್ಕಿತು. ಸಾಫ್ಟ್‌ವೇರಿನಲ್ಲಿಯೂ ಒಂದನೆಯದನ್ನೇ ಆರಿಸಿದಳು. ಹೊರಗೆ ಕಾಟಾದ ಮೇಲೆ ನಿಂತಿದ್ದ ಟ್ರ್ಯಾಕ್ಟರಿನ ತೂಕ ಪರದೆಯ ಮೇಲೆ ಮೂಡಿತು. ಚೀಟಿ ಕರಕರ ಎನ್ನುತ್ತ ಹೊರಬಂತು. ಭರಮು ಅದನ್ನು ಹರಿದು ಕಿಟಕಿಯಿಂದ ಕೊಟ್ಟಾಗ ಡ್ರೈವರ್ ಅದನ್ನು ಹಣೆಗೆ ಒತ್ತಿಕೊಂಡನಂತೆ.

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಕಾಸಾಹೇಬರಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು.

"ಅಲ್ಲ ತಂಗಿ, ಈ ಕೇಬಲ್ ಇಪ್ಪತ್ತೆರಡ ಸಲ ಯಾರ ಕಿತ್ತಾರ? ಯಾಕ ಕಿತ್ತಾರ?"

ಸರಿತಾಗೆ ಅಷ್ಟರಲ್ಲಿ ಉತ್ತರ ಗೊತ್ತಾಗಿತ್ತು. ಕೇಬಲ್ಲುಗಳ ಪಟ್ಟಿಯ ಕೆಳಗೇ ಇನ್ನೊಂದು ಉದ್ದ ಪಟ್ಟಿ ಇತ್ತು. ಅದರಲ್ಲಿ ಇದ್ದವು ಹೆಚ್ಚುಕಡಿಮೆ ಎಲ್ಲ ಫೋನುಗಳು. ಅರವತ್ತಕ್ಕೂ ಹೆಚ್ಚು. ಬಹುಪಾಲು ಅಗ್ಗದ ಮಾದರಿಗಳು. ಆಕೆ ಬಾಯಿ ತೆರೆಯುವ ಮೊದಲೇ ಭರಮು ಎದ್ದು ನಿಂತ.

"ನಾನ ಕಿತ್ತೇನ್ರಿ ಸಾಹುಕಾರ್ರ."

"ಯಾಕಲೇ?"

ಭರಮು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕಬ್ಬು ಕಡಿಯಲು ಪ್ರತಿ ವರ್ಷ ಗಡಿಯಾಚೆಯ ಬೀಡ ಜಿಲ್ಲೆಯಿಂದ ಮರಾಠಿ ಕುಟುಂಬಗಳು ಬರುತ್ತವೆ. ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಐದು ತಿಂಗಳು ಇರುತ್ತವೆ. ಗುಡಿಸಲಿಗೆ ಕರೆಂಟ್ ಇಲ್ಲ. ಶಾಲೆಗೆ ಹೋಗುವ ಮಕ್ಕಳನ್ನು ಅಜ್ಜ ಅಜ್ಜಿಯರ ಹತ್ತಿರ ಬಿಟ್ಟು ಬಂದಿರುತ್ತಾರೆ. ಫೋನ್ ಸತ್ತರೆ ಮಕ್ಕಳ ದನಿ ಕೇಳುವ ದಾರಿಯೇ ಇಲ್ಲ. ಕಾಟಾದ ಕೋಣೆಯಲ್ಲಿ ಒಮ್ಮೆ ಶಾರ್ಟ್ ಆಗಿ ಬೋರ್ಡು ಸುಟ್ಟ ಮೇಲೆ ಕಾಕಾಸಾಹೇಬರು ಕಂಪ್ಯೂಟರಿನದೊಂದು ಬಿಟ್ಟು ಉಳಿದ ಪ್ಲಗ್ಗುಗಳನ್ನೆಲ್ಲ ತೆಗೆಸಿಬಿಟ್ಟಿದ್ದರು. 'ಇಲ್ಲಿ ಫೋನ್ ಚಾರ್ಜ್ ಹಚ್ಚಬಾರದು' ಎಂದು ಗೋಡೆಗೆ ಬರೆಸಿದ್ದರು. ಆ ಬರಹದ ಕೆಳಗೇ ಭರಮು, ಗಾಡಿ ಇಲ್ಲದ ಹೊತ್ತಿನಲ್ಲಿ, ತೂಕದ ಕೇಬಲ್ಲನ್ನೂ ಕಿತ್ತು ಕಂಪ್ಯೂಟರಿನ ಎಲ್ಲ ತೂತುಗಳಿಗೂ ಫೋನು ಹಚ್ಚುತ್ತಿದ್ದ. ಗಾಡಿ ಬಂದ ಕೂಡಲೇ ಕೈಗೆ ಸಿಕ್ಕ ತೂತಿಗೆ ಕೇಬಲ್ಲನ್ನು ಮರಳಿ ಸಿಕ್ಕಿಸಿ, ತೂಕ ಬರುವ ನಂಬರನ್ನು ಆರಿಸುತ್ತಿದ್ದ. ಕಿತ್ತು ಕಿತ್ತು ಕೇಬಲ್ಲಿನ ಬಾಯಿ ಸಡಿಲಾದರೆ ತಾನೇ ಹೋಗಿ ಹೊಸದು ತರುತ್ತಿದ್ದ. ಏಳು ವರ್ಷದಲ್ಲಿ ಐದು ಕೇಬಲ್ ತಂದಿದ್ದ.

"ಅರವತ್ತ ಮಂದೀದು ಹಚ್ಚೀಯೇನಲೇ!" ಕಾಕಾಸಾಹೇಬರ ದನಿ ಅಂಗಳದವರೆಗೆ ಕೇಳಿತು. "ನಾ ಬರಸಿದ್ದ ಕಾಣಲಿಲ್ಲ ನಿನಗ? ಮೂವತ್ತೊಂದು ಗಾಡಿ ನಿಂತಾವ ರಸ್ತಾದ ಮ್ಯಾಲ! ತಂಗಿ, ಆ ಲಿಸ್ಟ್ ಪ್ರಿಂಟ್ ತೆಗಿ. ಯಾರ್ಯಾರು ಅದಾರ ನೋಡೇ ಬಿಡೂಣು. ಟೋಳಿ ಮುಕಾದಮನ್ನ ಕರಸ್ತೇನಿ."

ಮುಕಾದಮನೆಂದರೆ ಕಬ್ಬು ಕಡಿಯುವವರ ಗುಂಪಿನ ಮುಖ್ಯಸ್ಥ. ಭರಮು ತಲೆ ತಗ್ಗಿಸಿ ನಿಂತ. ಆ ಕ್ಷಣ ತನಗೆ ಏನನ್ನಿಸಿತು ಎಂದು ಸರಿತಾ ನನಗೆ ಒಮ್ಮೆ ಮಾತ್ರ ಹೇಳಿದ್ದಾಳೆ. ಆಕೆಯ ತಾಯಿ ಜನಾಬಾಯಿ ಕಬ್ಬಿನ ಗದ್ದೆಯ ಕೂಲಿಗೆ ದೂರ ಹೋದ ದಿನ ಸಂಜೆ ಬರುವುದು ತಡವಾದರೆ, ಸಣ್ಣವಳಾಗಿದ್ದ ಈಕೆ ಊರ ಅಗಸೆಬಾಗಿಲ ಕಟ್ಟೆಯ ಮೇಲೆ ಹೋಗಿ ಕುಳಿತಿರುತ್ತಿದ್ದಳಂತೆ. ಆಗ ಯಾರ ಕೈಯಲ್ಲೂ ಫೋನ್ ಇರಲಿಲ್ಲ. ಬಂದರೆ ಬಂದರು, ಇಲ್ಲದಿದ್ದರೆ ಕಾಯುವುದು. ಆದರೂ ಆಕೆಗೆ ಕಾಕಾಸಾಹೇಬರ ಮೇಲೆ ಸಿಟ್ಟು ಬರಲಿಲ್ಲವಂತೆ. ಗಾಡಿಗಳು ನಿಂತದ್ದು ನಿಜ, ರೈತರ ಕಬ್ಬು ಒಣಗಿದ್ದೂ ನಿಜ. ಸುಳ್ಳು ಹೇಳಿ ಮುಚ್ಚಿಹಾಕುವ ವಿಷಯವಲ್ಲ ಇದು.

"ಪ್ರಿಂಟ್ ತೆಗೀತೇನ್ರಿ," ಎಂದಳು. "ಅದಕ್ಕಿಂತ ಮೊದಲ ಇಲ್ಲಿ ಬಂದ ಎರಡ ಹೆಸರು ನೀವ ಓದ್ರಿ."

ಕಾಕಾಸಾಹೇಬರು ಬಗ್ಗಿ ನೋಡಿದರು. ಆಕೆ ಬೆರಳಿಟ್ಟ ಮೊದಲನೆಯದು ಒಂದು ಪೆನ್‌ಡ್ರೈವ್. ಅದರ ಹೆಸರು 'ಅಮಿತ ಸಾಂಗ್ಸ್'. ಅಮಿತ ಎಂದರೆ ಅವರ ಮಗ. ಇನ್ನೊಂದು ಒಂದು ದುಬಾರಿ ಫೋನಿನ ಮಾದರಿ. ಆ ಪಟ್ಟಿಯಲ್ಲಿ ಅಂಥದು ಅದೊಂದೇ. ಕಾಕಾಸಾಹೇಬರು ತಮ್ಮ ಅಂಗಿಯ ಜೇಬು ಮುಟ್ಟಿ ನೋಡಿಕೊಂಡರು.

"ಇದ... ನಂದ ಏನು?"

ಭರಮು ಮೆಲ್ಲಗೆ ಹೇಳಿದ: "ದೀಪಾವಳಿ ಪಾಡ್ಯಕ್ಕ ಕಾಟಾದ ಪೂಜಿಗೆ ಬಂದಿದ್ರಲ್ರಿ. ಫೋನ್ ಬಂದ್ ಬಿದ್ದಿತ್ತು. ಚಾರ್ಜಿಗೆ ಹಚ್ಚೋ ಅಂದ್ರಿ. ನಾ ಕೇಬಲ್ ಕಿತ್ತು ಹಚ್ಚಿದೆ."

ಕಾಕಾಸಾಹೇಬರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಮೇಲೆ, ತಡೆದಿಟ್ಟುಕೊಂಡ ನಗು ಒಮ್ಮೆಲೇ ಹೊರಬಂತು. ಹೊಟ್ಟೆ ಅಲುಗುವಂಥ ನಗು.

"ಅಳಿಸಿ ಒಗಿ ತಂಗಿ. ನಂದೂ ಅಳಸು, ಎಲ್ಲಾರದೂ ಅಳಸು," ಎಂದರು. ಆಮೇಲೆ ಭರಮುವಿನತ್ತ ತಿರುಗಿ, "ನನಗರೆ ಒಂದ ಮಾತ ಹೇಳಬಾರದೇನಲೇ, ಹದಿನೆಂಟ ವರ್ಷ ಕೂಡಿ ಇದ್ದು?" ಎಂದರು. ಭರಮು ಕನ್ನಡಕ ಹಾಕಿಕೊಂಡು ಮುಂದಿನ ಗಾಡಿಯ ಚೀಟಿ ಹರಿದ.

ಅವರು ಗಾಡಿಗಳನ್ನು ನೋಡಲು ಹೊರಗೆ ಹೋದರು. ಸರಿತಾ ಫೋನುಗಳ ನಮೂದನ್ನು ಒಂದೊಂದಾಗಿ ಅಳಿಸಲು ಕುಳಿತಳು. ತೂಕಕ್ಕೂ ಅವಕ್ಕೂ ಸಂಬಂಧವಿರಲಿಲ್ಲ. ಉಳಿದರೂ ಏನೂ ಕೆಡುತ್ತಿರಲಿಲ್ಲ. ಆದರೆ ನಾಳೆ ಮತ್ತೊಬ್ಬರು ಬಂದು ಮತ್ತೆ ಪಟ್ಟಿ ತೆರೆಯುವುದು ಆಕೆಗೆ ಬೇಡವಾಗಿತ್ತು. ಭರಮು ಒಂದು ಕೈಯಿಂದ ಚೀಟಿ ಹರಿಯುತ್ತ, ಗಾಡಿ ಗಾಡಿಗಳ ನಡುವೆ ಆಕೆಯ ಭುಜದ ಮೇಲಿಂದ ಪರದೆ ನೋಡುತ್ತಿದ್ದ. ಸರಿತಾಗೆ ಅಲ್ಲಿ ಕಂಡದ್ದು ಮಾದರಿಯ ಹೆಸರು ಮತ್ತು ಅಂಕಿ ಮಾತ್ರ. ಭರಮುವಿಗೆ ಮನುಷ್ಯರೇ ಕಂಡರು.

"ಇದು ಶೇವಂತಾಬಾಯೀದ್ರಿ ಅಕ್ಕಾರ. ಆಕಿ ಮಗಳು ಹೋದ ವರ್ಷ ಹತ್ತನೇತ್ತ ಪಾಸ್ ಆದ್ಳು. ರಿಜಲ್ಟ್ ಬಂದಾಗ ಆಕಿ ಊರಿಗೆ ಹೋಗಿದ್ಳು, ಅಲ್ಲಿಂದ ನನಗ ಫೋನ್ ಮಾಡಿ ಅತ್ಳು... ಇದರ ಮಾರಿ ಒಡದಿತ್ತು, ರಬ್ಬರ್ ಹಾಕಿ ಕಟ್ಟಿದ್ರು. ಇದರಾಗ ಒಬ್ಬಾಂವ ಮೊಮ್ಮಗ ಹುಟ್ಟಿದ್ದ ಕೇಳಿದ್ದ, ಇಲ್ಲೇ ಈ ಖುರ್ಚಿ ಮ್ಯಾಲ ಕುಂತು. ಕೂಸು ಅಳೂದು ನನಗೂ ಕೇಳಸಿದ. ಎರಡ ಗಾಡಿ ಹಾರ್ನ್ ಹೊಡದ್ವು, ನಾ ಏಳಲಿಲ್ಲ."

"ಅಳಸ್ಲೇನ್ರಿ ಇದನ್ನ?" ಸರಿತಾ ಕೇಳಿದಳು.

"ಅಳಸ್ರಿ, ಅಳಸ್ರಿ. ಮಷಿನ್ ನೆನಪ ಇಟ್ಟು ಏನ ಮಾಡೂದೈತಿ?"

ಹೀಗೆ ಅರವತ್ತೂ ಹೋಗಲು ಒಂದು ತಾಸು ಹಿಡಿಯಿತು. ಒಮ್ಮೆಗೇ ಅಳಿಸುವ ಉಪಾಯ ಸರಿತಾಗೆ ಗೊತ್ತಿಲ್ಲವೆಂದಲ್ಲ. ಭರಮು ಹೇಳುತ್ತಿದ್ದ, ಆಕೆ ಕೇಳುತ್ತಿದ್ದಳು, ಅಷ್ಟೇ. ಕೊನೆಗೆ ತೂಕದ ಕೇಬಲ್ಲನ್ನು ಹಿಂಬದಿಯ ಅದೇ ತೂತಿನಲ್ಲಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ಅದರ ಮೇಲೆ 'ಕೀಳಬೇಡಿ' ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಅಂಟಿಸಿದಳು.

ಎರಡು ಗಂಟೆಯ ಹೊತ್ತಿಗೆ ರಸ್ತೆಯ ಸಾಲು ಅರ್ಧಕ್ಕೆ ಇಳಿದಿತ್ತು. ಕಾಕಾಸಾಹೇಬರು ಒಳಗಿನಿಂದ ರೊಟ್ಟಿ, ಬದನೆಕಾಯಿ ಪಲ್ಯ, ಹೊಸ ಬೆಲ್ಲ ತರಿಸಿದರು. ಊಟದ ನಡುವೆ ಸರಿತಾ ಹೇಳಿದಳು:

"ಸಾಹುಕಾರ್ರ, ಕೇಬಲ್ ಬಿಗದೇನಿ. ಆದ್ರ ಮಂದಿ ಫೋನ್ ಸಾಯೂದು ನಿಂದ್ರಂಗಿಲ್ಲ. ಹೊರಗಿನ ಗೋಡಿಗೆ ಒಂದು ಬೋರ್ಡ್ ಹಾಕಸ್ರಿ, ಹತ್ತ ಪ್ಲಗ್ಗಿಂದು."

"ಮತ್ತ ಶಾರ್ಟ್ ಆದ್ರ? ಒಮ್ಮೆ ಸುಟ್ಟೈತಿ. ನಾ ಸುಮ್ಮನ ತಗಸಿಲ್ಲ ಅವನ್ನ."

"ಆವಾಗ ಒಂದ ವೈರಿಗೆ ಎಲ್ಲಾ ಜೋತಬಿದ್ದಿದ್ವು. ಬ್ಯಾರೆ ಲೈನ್ ಎಳಿಯೂಣು, ಶಾರ್ಟ್ ಆದ್ರ ತಾನ ಬೀಳೂ ಸ್ವಿಚ್ ಹಾಕೂಣು. ನಾ ನಿಂತು ಮಾಡಸ್ತೇನಿ."

ಕಾಕಾಸಾಹೇಬರು ಬೆಲ್ಲದ ತುಣುಕನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ವಿಚಾರ ಮಾಡಿದರು. ಆಮೇಲೆ "ಹತ್ತ ಯಾಕ? ಹನ್ನೆರಡ ಮಾಡ," ಎಂದರು.

ಮುಂದಿನ ರವಿವಾರ ಸರಿತಾ ಹೋಗಿ ಬೋರ್ಡು ಕೂಡಿಸಿದಳು. ಏಣಿ ಹಿಡಿದವನು ಲಖನ. ರಜೆ ಹಾಳಾಯಿತೆಂದು ಗೊಣಗುತ್ತಲೇ ಹಿಡಿದನಂತೆ. ಕಬ್ಬು ಕಡಿಯುವ ಹೆಂಗಸರು ಸುತ್ತ ನಿಂತು ನೋಡಿದರು. ಕರೆಂಟ್ ಬಂದಾಗ ಶೇವಂತಾಬಾಯಿ ತನ್ನ ಫೋನನ್ನು ಮೊದಲು ಹಚ್ಚಿ, ಸರಿತಾಳ ಕೈ ಹಿಡಿದು "ತಾಯೀ" ಎಂದಳು. ಮರಾಠಿಯಲ್ಲಿ ಹಾಗೆಂದರೆ ಅಕ್ಕ. ಕನ್ನಡದ ತಾಯಿ ಎಂದೇ ಕೇಳಿಸಿಕೊಂಡ ಲಖನ ಏಣಿಯ ಬುಡದಿಂದ, "ನಿನಗಿಂತ ಹತ್ತ ವರ್ಷ ದೊಡ್ಡಾಕಿ ಅದಾಳ, ನೋಡ," ಎಂದು ನಕ್ಕ.

ಆ ಹಂಗಾಮಿನಲ್ಲಿ ಕಾಟಾ ಮತ್ತೆ ನಿಲ್ಲಲಿಲ್ಲ. ಸುದ್ದಿ ಹರಡಿ ಈಗ ಅಥಣಿ ಕಡೆಯಿಂದಲೂ, ತೆಲಸಂಗ, ಐಗಳಿಯ ಕಾಟಾದವರಿಂದಲೂ ಆಕೆಗೆ ಫೋನ್ ಬರುತ್ತದೆ. ಪುಣೆಯ ಎಂಜಿನಿಯರ್ ಹೇಳಿದ ದಿನಕ್ಕೇ ಬಂದ. ನೋಡಲು ಏನೂ ಉಳಿದಿರಲಿಲ್ಲವಾದ್ದರಿಂದ ಚಹಾ ಕುಡಿದು, ಸರಿತಾಳ ನಂಬರ್ ಬರೆದುಕೊಂಡು ಹೋದ.

ಫೆಬ್ರವರಿಯಲ್ಲಿ ಭರಮು ಕೋರ್ಟಿನ ಕೆಲಸಕ್ಕೆಂದು ಬಂದವನು ನನ್ನ ಅಂಗಡಿಯಲ್ಲಿ ಕುಳಿತು ಚಹಾ ಕುಡಿದ. ತಗಡಿನ ಗೋಡೆಯ ಆಚೆಯಿಂದ ಸರಿತಾ ಕೂಗಿ ಕೇಳಿದಳು:

"ಹೆಂಗೈತಿ ಭರಮಣ್ಣಾ, ಬೋರ್ಡು?"

"ಬೋರ್ಡು ಚಲೋ ಐತ್ರಿ. ನಂದ ಕೆಟ್ಟೈತಿ."

"ಯಾಕ?"

"ಎಲ್ಲಾರೂ ಹೊರಗ ನಿಂತು ಮಾತಾಡ್ತಾರ. ಒಳಗ ಒಬ್ಬರೂ ಬರಂಗಿಲ್ಲ. ಕೋಣ್ಯಾಗ ಒಬ್ಬಾಂವನ ಕುಂದ್ರಾಕ ಬ್ಯಾಸರ. ಅದಕ್ಕ ಖುರ್ಚಿ ಹೊರಗ ತಂದೇನಿ, ಬೋರ್ಡಿನ ಬುಡಕ. ಗಾಡಿ ಬಂದ್ರ ಒಳಗ ಹೋಗತೇನಿ, ಚೀಟಿ ಕೊಟ್ಟು ಮತ್ತ ಹೊರಗ."